ದ್ವಿದಳ ಬೆಳೆಗಳ ಬೇರು ಕೊಳೆ: ಮೊದಲು ಅಗೆದು ನೋಡಿ, ಔಷಧದ ಮಾತು ಆಮೇಲೆ

ದ್ವಿದಳ ಬೆಳೆಯ ಹೊಲದಲ್ಲಿ ಅಲ್ಲಲ್ಲಿ ಗಿಡಗಳು ಹಳದಿಗಟ್ಟಿ ಬಾಡತೊಡಗಿದಾಗ ಹೆಚ್ಚಿನವರು ಮೊದಲು ನೀರು ಕೊಡುತ್ತಾರೆ, ಆಮೇಲೆ ಒಂದಿಷ್ಟು ಯೂರಿಯಾ ಎರಚುತ್ತಾರೆ, ಎರಡೂ ಫಲಿಸದಿದ್ದರೆ ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಸಿಂಪಡಿಸುತ್ತಾರೆ. ಈ ಮೂರೂ ಕೆಲಸಗಳು ಎಲೆಯನ್ನು ನೋಡಿ ಮಾಡಿದವು. ರೋಗ ಇರುವುದು ಬೇರಿನಲ್ಲಿ. ಅಲ್ಲದೆ ‘ಬೇರು ಕೊಳೆ’ ಎಂಬುದು ಒಂದೇ ರೋಗದ ಹೆಸರಲ್ಲ. ಮಣ್ಣಿನಲ್ಲಿ ಬದುಕುವ ಕನಿಷ್ಠ ಐದಾರು ಬಗೆಯ ರೋಗಾಣುಗಳು ಈ ಹೆಸರಿನಡಿ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ನೀರು ನಿಂತ ಮಣ್ಣು ಬೇಕು, ಇನ್ನು ಕೆಲವಕ್ಕೆ ಬಿರಿದ ಒಣ ಮಣ್ಣೇ ಹಿತ. ಒಂದನ್ನು ತಡೆಯುವ ಕ್ರಮ ಇನ್ನೊಂದನ್ನು ಪೋಷಿಸಬಹುದಾದ್ದರಿಂದ, ಯಾವ ರೋಗವೆಂದು ಗುರುತಿಸದೆ ಮಾಡುವ ಯಾವ ಖರ್ಚೂ ಕುರುಡು ಖರ್ಚೇ.

ಗಿಡವನ್ನು ಅಗೆಯುವ ಕ್ರಮ

ಬಾಡಿದ ಗಿಡವನ್ನು ಕೈಯಿಂದ ಕಿತ್ತು ನೋಡುವುದು ವಾಡಿಕೆ. ಹಾಗೆ ಕಿತ್ತಾಗ ಕೊಳೆತ ಭಾಗವೇ ಮಣ್ಣಿನಲ್ಲಿ ಉಳಿದು, ಗಟ್ಟಿಯಾದ ಬುಡ ಮಾತ್ರ ಕೈಗೆ ಬರುತ್ತದೆ. ಆದ್ದರಿಂದ ಗಿಡದಿಂದ ಒಂದು ಗೇಣು ದೂರದಲ್ಲಿ ಸಲಿಕೆಯನ್ನು ಇಳಿಸಿ, ಸುಮಾರು 25ರಿಂದ 30 ಸೆಂಟಿಮೀಟರ್ ಆಳದವರೆಗೆ ಮಣ್ಣಿನ ಹೆಂಟೆಯ ಸಮೇತ ಎತ್ತಬೇಕು. ಆ ಹೆಂಟೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ಮಣ್ಣು ತಾನಾಗಿ ಕಳಚುತ್ತದೆ. ಉಳಿದದ್ದನ್ನು ಮೆಲ್ಲಗೆ ಅಲುಗಿಸಿ ತೊಳೆಯಬೇಕೇ ಹೊರತು ಉಜ್ಜಬಾರದು.

ಯಾವ ಗಿಡವನ್ನು ಅಗೆಯಬೇಕು ಎಂಬುದು ಅಷ್ಟೇ ಮುಖ್ಯ. ಪೂರ್ತಿ ಸತ್ತು ಒಣಗಿದ ಗಿಡದಲ್ಲಿ ಕೊಳೆತದ್ದನ್ನು ತಿಂದು ಬದುಕುವ ಹತ್ತಾರು ಶಿಲೀಂಧ್ರಗಳು ಮನೆ ಮಾಡಿರುವುದರಿಂದ ಅದು ಕೊಡುವ ಸಾಕ್ಷ್ಯವನ್ನು ನಂಬುವಂತಿಲ್ಲ. ಈಗಷ್ಟೇ ಬಾಡಲು ಆರಂಭಿಸಿದ ಮೂರ್ನಾಲ್ಕು ಗಿಡಗಳನ್ನೂ, ರೋಗದ ತಾಣದ ಅಂಚಿನಲ್ಲಿ ಇನ್ನೂ ಹಸಿರಾಗಿರುವ ಒಂದೆರಡು ಗಿಡಗಳನ್ನೂ, ಹೋಲಿಕೆಗೆಂದು ಹೊಲದ ಇನ್ನೊಂದು ಬದಿಯ ಆರೋಗ್ಯವಂತ ಗಿಡವೊಂದನ್ನೂ ಅಗೆಯಬೇಕು. ಆರೋಗ್ಯವಂತ ಗಿಡದ ತಾಯಿಬೇರು ಬಿಳಿಯಾಗಿ ಅಥವಾ ತೆಳು ಕೆನೆಬಣ್ಣದಲ್ಲಿದ್ದು, ಕವಲುಬೇರುಗಳು ತುಂಬಿರುತ್ತವೆ. ಬೇರುಗಂಟನ್ನು ಉಗುರಿನಿಂದ ಒಡೆದರೆ ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಕಾಣುತ್ತದೆ. ಈ ಗಿಡವನ್ನು ಪಕ್ಕದಲ್ಲಿಟ್ಟುಕೊಳ್ಳದೆ ರೋಗದ ಬೇರನ್ನು ನೋಡಿದರೆ ಮಣ್ಣಿನ ಕಲೆಯೂ ರೋಗದಂತೆಯೇ ಕಾಣಿಸೀತು.

ಅಗೆಯುವ ಮುನ್ನ ಹೊಲವನ್ನು ಒಮ್ಮೆ ಸುತ್ತಿ ಬನ್ನಿ. ತಗ್ಗಿನಲ್ಲಿ, ನೀರು ಮಡುಗಟ್ಟುವ ಮೂಲೆಯಲ್ಲಿ ಗುಂಪುಗುಂಪಾಗಿ ಗಿಡ ಸತ್ತಿದ್ದರೆ ಅದೊಂದು ಸುಳಿವು; ಮಣ್ಣು ತೆಳುವಾಗಿರುವ ದಿಬ್ಬದ ಮೇಲೆ ಒಂಟಿ ಗಿಡಗಳು ಚದುರಿದಂತೆ ಒಣಗಿದ್ದರೆ ಅದು ತೀರ ಬೇರೆಯದೇ ಸುಳಿವು. ನೀರು ಹರಿಯುವ ದಾರಿಯುದ್ದಕ್ಕೂ ಅಥವಾ ಟ್ರ್ಯಾಕ್ಟರ್ ಸಾಗಿದ ಸಾಲಿನುದ್ದಕ್ಕೂ ರೋಗವಿದ್ದರೆ, ಅದು ಹರಡುತ್ತಿರುವುದು ಹೇಗೆಂಬುದೂ ತಿಳಿದಂತಾಯಿತು.

ಬೇರು ಹೇಳುವ ಗುರುತುಗಳು

ಹೂವಾಡುವ ಅಥವಾ ಕಾಯಿ ಕಟ್ಟುವ ಹೊತ್ತಿಗೆ, ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿ ಮಣ್ಣಿನ ತೇವ ಆರಿದ ದಿನಗಳಲ್ಲಿ, ಗಿಡ ಇದ್ದಕ್ಕಿದ್ದಂತೆ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗಿದರೆ ಒಣ ಬೇರು ಕೊಳೆಯನ್ನು ಶಂಕಿಸಬೇಕು. ಇದನ್ನು ತರುವುದು ಮ್ಯಾಕ್ರೊಫೊಮಿನಾ ಫೆಸಿಯೊಲಿನಾ ಎಂಬ ಶಿಲೀಂಧ್ರ. ಕಡಲೆಯಲ್ಲಿ ಇದರ ಹಾವಳಿ ಹೆಚ್ಚು. ಹೆಸರು, ಉದ್ದು, ಅಲಸಂದೆ, ಸೋಯಾ ಅವರೆಗಳನ್ನೂ ಅದು ಬಿಡುವುದಿಲ್ಲ. ತಾಯಿಬೇರು ಕಪ್ಪಾಗಿ, ಕವಲುಬೇರುಗಳಿಲ್ಲದೆ ಬೋಳಾಗಿ, ಬಗ್ಗಿಸಿದರೆ ಪಟ್ಟನೆ ಮುರಿಯುವಷ್ಟು ಪೆಡಸಾಗಿರುತ್ತದೆ. ಅದನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಿಂದ ನೋಡಿದರೆ ಸಿಪ್ಪೆಯ ಕೆಳಗೂ ತಿರುಳಿನಲ್ಲೂ ಇದ್ದಿಲ ಪುಡಿ ಉದುರಿಸಿದಂತೆ ಕರಿಚುಕ್ಕೆಗಳು ಕಾಣುತ್ತವೆ. ಇವೇ ಆ ಶಿಲೀಂಧ್ರದ ಸೂಕ್ಷ್ಮ ಗಡ್ಡೆಗಳು. ಮುಂದಿನ ವರ್ಷಗಳ ರೋಗದ ಬೀಜವೂ ಇವೇ.

ಬಿತ್ತನೆಯಾದ ಮೊದಲ ಐದಾರು ವಾರಗಳಲ್ಲಿ ಸಸಿಗಳು ಸಾಯುತ್ತಿದ್ದರೆ ದೃಷ್ಟಿ ಬುಡಕ್ಕೆ, ಅಂದರೆ ಮಣ್ಣು ಮತ್ತು ಗಾಳಿ ಕೂಡುವ ಜಾಗಕ್ಕೆ ಹೋಗಬೇಕು. ಅಲ್ಲಿ ಹತ್ತಿಯೆಳೆಯಂಥ ಬಿಳಿ ಬೂಜು ಹಬ್ಬಿ, ಅದರ ನಡುವೆ ಸಾಸಿವೆ ಕಾಳಿನ ಗಾತ್ರದ, ಮೊದಲು ಬಿಳಿಯಾಗಿದ್ದು ಆಮೇಲೆ ಕಂದುಬಣ್ಣಕ್ಕೆ ಬರುವ ಗುಂಡುಗಳು ಸಿಕ್ಕರೆ ಅದು ಸ್ಕ್ಲೆರೋಷಿಯಂ ರಾಲ್ಫ್‌ಸಿಯಿ ತರುವ ಬುಡ ಕೊಳೆ. ಶೇಂಗಾದಲ್ಲಿ ಕಾಂಡ ಕೊಳೆಗೂ ಇದೇ ಕಾರಣ. ಇಷ್ಟು ಸ್ಪಷ್ಟವಾಗಿ ಬರಿಗಣ್ಣಿಗೆ ತನ್ನ ಗುರುತು ಕೊಡುವ ಇನ್ನೊಂದು ಮಣ್ಣಿನ ರೋಗಾಣು ಈ ಗುಂಪಿನಲ್ಲಿಲ್ಲ. ಬೂಜಾಗಲಿ ಗುಂಡುಗಳಾಗಲಿ ಇಲ್ಲದೆ, ಬುಡದಲ್ಲಿ ಕೆಂಗಂದು ಬಣ್ಣದ ತಗ್ಗಾದ ಗಾಯ ಮಾತ್ರ ಇದ್ದು, ಮಣ್ಣು ಜಿಗುಟಾಗಿ ತೇವವಾಗಿದ್ದರೆ ರೈಜಾಕ್ಟೋನಿಯಾ ಸೊಲಾನಿ ತರುವ ಹಸಿ ಬೇರು ಕೊಳೆ ಇರಬಹುದು. ಮೊಳಕೆ ಮೇಲೆ ಬರುವ ಮೊದಲೇ ಬೀಜ ಮೆತ್ತಗಾಗಿ ಕೊಳೆತಿದ್ದರೆ ಪಿಥಿಯಂ ಕಡೆಗೆ ಬೆರಳು ತೋರಿಸಬೇಕಾಗುತ್ತದೆ.

ಬಟಾಣಿ ಮತ್ತು ಮಸೂರ ಬೆಳೆಯುವವರು ಅಫನೋಮೈಸಿಸ್ ಯೂಟೈಕಿಸ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಂಪು ಪ್ರದೇಶಗಳ ತೇವದ ಮಣ್ಣಿನಲ್ಲಿ ಇದು ಇಡೀ ಬೇರನ್ನು ಜೇನುತುಪ್ಪದ ಬಣ್ಣಕ್ಕೆ ತಿರುಗಿಸುತ್ತದೆ. ಬೇರನ್ನು ಬೆರಳುಗಳ ನಡುವೆ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಕಳಚಿಕೊಂಡು, ನಡುವಿನ ನಾರು ಮಾತ್ರ ಇಲಿಬಾಲದಂತೆ ಉಳಿಯುತ್ತದೆ. ಇದರ ವಿಶ್ರಾಂತ ಬೀಜಕಗಳು ಹತ್ತು ವರ್ಷಕ್ಕೂ ಮೀರಿ ಮಣ್ಣಿನಲ್ಲಿ ಉಳಿಯಬಲ್ಲವು.

ಇನ್ನು ಫ್ಯುಸೇರಿಯಂ. ಇದರ ಒಂದು ಬಗೆ ಬೇರನ್ನು ಹೊರಗಿನಿಂದಲೇ ಕೆಂಗಪ್ಪಾಗಿಸಿ ಕೊಳೆಸಿದರೆ, ಇನ್ನೊಂದು ಬಗೆ ಬೇರಿನ ನೀರ್ನಾಳಗಳೊಳಗೆ ಸೇರಿ ಸೊರಗು ರೋಗವನ್ನು ತರುತ್ತದೆ. ಸೊರಗಿದ ಗಿಡದ ಬೇರು ಹೊರನೋಟಕ್ಕೆ ಏನೂ ಆಗಿಲ್ಲವೆಂಬಂತೆ ಕಾಣುವುದರಿಂದಲೇ ಜನ ಮೋಸ ಹೋಗುತ್ತಾರೆ. ಬುಡದಿಂದ ಮೇಲಕ್ಕೆ ಕಾಂಡವನ್ನು ಸೀಳಿದಾಗ ನಡುವೆ ಕಂದು ಅಥವಾ ಕಪ್ಪು ಗೆರೆ ಓಡಿದ್ದರೆ ಅದು ಸೊರಗು. ತೊಗರಿಯಲ್ಲಿ ಕಾಂಡದ ಹೊರಮೈಯಲ್ಲಿಯೂ ಬುಡದಿಂದ ಮೇಲೇರುವ ನೇರಳೆ ಪಟ್ಟೆಯೊಂದು ಕಾಣುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಸೊರಗು ರೋಗ ಕೊಳೆ ರೋಗವಲ್ಲ. ಆದರೂ ಹೊಲದಲ್ಲಿ ಎರಡೂ ಒಟ್ಟಿಗೇ ಇರುವುದು ಸಾಮಾನ್ಯವಾದ್ದರಿಂದ, ಅಗೆದ ಪ್ರತಿಯೊಂದು ಬೇರನ್ನೂ ಸೀಳಿ ನೋಡುವ ಅಭ್ಯಾಸವಿರಲಿ.

ಬೇರಿನ ಮೇಲೆ ಕೊರೆದ ರಂಧ್ರ, ಗೊಣ್ಣೆಹುಳು ಅಥವಾ ಗೆದ್ದಲು ಸಿಕ್ಕರೆ ಇದು ಬೇರೆಯೇ ಕಥೆ. ಜಂತುಹುಳುವಿನ (ಬೇರಿನೊಳಗೆ ಬದುಕುವ ಸೂಕ್ಷ್ಮ ಹುಳು, ನೆಮಟೋಡ್) ಗಂಟುಗಳು ಮಾತ್ರ ರೋಗಕ್ಕೆ ಹತ್ತಿರದ ನಂಟಿನವು. ಬೇರಿನ ಬದಿಗೆ ಅಂಟಿಕೊಂಡು ಬೆರಳಿಗೆ ಸುಲಭವಾಗಿ ಕಳಚುವ ಗಂಟು, ಗಿಡಕ್ಕೆ ಸಾರಜನಕ ಒದಗಿಸುವ ಉಪಕಾರಿ ಬ್ಯಾಕ್ಟೀರಿಯಾ ರೈಜೋಬಿಯಂನದು. ಬೇರೇ ಉಬ್ಬಿದಂತಿದ್ದು ಕಳಚಲು ಬಾರದ ಗಂಟು ಜಂತುಹುಳುವಿನದು. ಜಂತುಹುಳು ಇರುವ ಹೊಲದಲ್ಲಿ ಸೊರಗು ರೋಗದ ತೀವ್ರತೆಯೂ ಹೆಚ್ಚು.

ಬಿತ್ತುವ ಮೊದಲು ಮಣ್ಣನ್ನು ಕೇಳುವುದು

ನಿಂತ ಬೆಳೆಯಲ್ಲಿ ರೋಗ ಪತ್ತೆಯಾಗುವುದು ಆ ವರ್ಷದ ಮಟ್ಟಿಗೆ ತಡವಾದ ಸುದ್ದಿ. ಬಿತ್ತನೆಗೆ ಎರಡು ತಿಂಗಳ ಮುಂಚೆಯೇ, ಹೆಚ್ಚು ಖರ್ಚಿಲ್ಲದೆ, ಕುಂಡಗಳಲ್ಲಿ ಮಣ್ಣಿನ ಪರೀಕ್ಷೆ ಮಾಡಿಕೊಳ್ಳಬಹುದು. ಹೊಲದ ಹತ್ತು ಹನ್ನೆರಡು ಕಡೆಗಳಿಂದ, ಅದರಲ್ಲೂ ಹಿಂದಿನ ಬೆಳೆ ಸೊರಗಿದ್ದ ಜಾಗಗಳಿಂದ ಮತ್ತು ತಗ್ಗು ಜಾಗಗಳಿಂದ, ಮೇಲಿನ 20 ಸೆಂಟಿಮೀಟರ್‌ವರೆಗಿನ ಮಣ್ಣನ್ನು ತಂದು ಬೆರೆಸಬೇಕು. ಅದರಲ್ಲಿ ಅರ್ಧ ಭಾಗವನ್ನು ಹಬೆಯಲ್ಲಿ ಅರ್ಧ ಗಂಟೆ ಚೆನ್ನಾಗಿ ಬಿಸಿಯಾಗಿಸಿ ಆರಿಸಬೇಕು. ಉಳಿದರ್ಧವನ್ನು ಹಾಗೆಯೇ ಬಳಸಬೇಕು. ಎರಡೂ ಮಣ್ಣನ್ನು ನಾಲ್ಕು ನಾಲ್ಕು ಕುಂಡಗಳಿಗೆ ತುಂಬಿ, ಬಿತ್ತಬೇಕೆಂದಿರುವ ತಳಿಯ ಬೀಜವನ್ನೇ ಉಪಚಾರ ಮಾಡದೆ ಹಾಕಬೇಕು. ಎರಡು ಕುಂಡಗಳಿಗೆ ಯಥೇಚ್ಛ ನೀರು, ಇನ್ನೆರಡಕ್ಕೆ ಗಿಡ ಬದುಕುವಷ್ಟು ಮಾತ್ರ ನೀರು ಎಂದು ಬೇರ್ಪಡಿಸಿದರೆ ಪರೀಕ್ಷೆ ಇನ್ನಷ್ಟು ಸೂಕ್ಷ್ಮವಾಗುತ್ತದೆ.

ನಾಲ್ಕರಿಂದ ಆರು ವಾರಗಳ ನಂತರ ಎಲ್ಲ ಗಿಡಗಳನ್ನೂ ತೊಳೆದು ಬೇರುಗಳನ್ನು ಸಾಲಾಗಿ ಬಿಳಿ ಕಾಗದದ ಮೇಲೆ ಜೋಡಿಸಿ. ಬಿಸಿಯಾಗಿಸಿದ ಮಣ್ಣಿನ ಬೇರುಗಳು ಬಿಳಿಯಾಗಿದ್ದು, ಹೊಲದ ಮಣ್ಣಿನವು ಕಂದಾಗಿ ಗಿಡ್ಡವಾಗಿದ್ದರೆ ಮಣ್ಣಿನಲ್ಲಿ ರೋಗವಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈ ಪರೀಕ್ಷೆ ರೋಗಾಣುವಿನ ಹೆಸರನ್ನು ಖಚಿತವಾಗಿ ಹೇಳದು. ಅದಕ್ಕೆ ಕೃಷಿ ವಿಜ್ಞಾನದ ಪ್ರಯೋಗಾಲಯಕ್ಕೆ ಬೇರಿನ ಮಾದರಿಯನ್ನು ಕಳಿಸಬೇಕಾಗುತ್ತದೆ. ಕಳಿಸುವಾಗ ಬೇರನ್ನು ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗಿ ಬಿಗಿದು ಕಟ್ಟಿದರೆ ದಾರಿಯಲ್ಲೇ ಎಲ್ಲವೂ ಕೊಳೆತುಹೋಗುತ್ತದೆ. ಕಾಗದದಲ್ಲಿ ಸುತ್ತಿ, ನೆರಳಿನಲ್ಲಿಟ್ಟು, ಅದೇ ದಿನ ಕಳಿಸಬೇಕು. ಒಣ ಬೇರು ಕೊಳೆ ನಿಮ್ಮ ಸಂಶಯವಾಗಿದ್ದರೆ ಕುಂಡಗಳು ಬೆಚ್ಚಗಿರಬೇಕು, ಇಲ್ಲವಾದರೆ ಮಣ್ಣಿನಲ್ಲಿ ರೋಗಾಣುವಿದ್ದೂ ಬೇರು ಬಿಳಿಯಾಗಿಯೇ ಉಳಿದೀತು.

ಬೆಳೆ ಸರದಿ: ಎಲ್ಲದಕ್ಕೂ ಒಂದೇ ಉತ್ತರವಲ್ಲ

‘ಬೆಳೆ ಬದಲಿಸಿ’ ಎಂಬ ಸಲಹೆ ಎಲ್ಲ ಕೈಪಿಡಿಗಳಲ್ಲೂ ಇದೆ. ಯಾವ ಬೆಳೆಗೆ ಬದಲಿಸಬೇಕು ಎಂಬಲ್ಲಿ ಹೆಚ್ಚಿನವು ಮೌನವಾಗುತ್ತವೆ. ಸೊರಗು ರೋಗದ ಫ್ಯುಸೇರಿಯಂ ಆಯ್ದ ಬೆಳೆಗಷ್ಟೇ ಅಂಟುವ ಬಗೆಯದು. ಕಡಲೆಯನ್ನು ಸೊರಗಿಸುವ ರೂಪ ತೊಗರಿಯನ್ನು ಸೊರಗಿಸದು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದಾದರೂ ಜೋಳ, ಗೋಧಿಯಂಥ ಏಕದಳ ಬೆಳೆಗಳನ್ನು ಮೂರ್ನಾಲ್ಕು ವರ್ಷ ಬೆಳೆದರೆ ಅದರ ಪ್ರಮಾಣ ಇಳಿಯುತ್ತದೆ. ತೊಗರಿಯ ಜೊತೆ ಜೋಳವನ್ನು ಮಿಶ್ರ ಬೆಳೆಯಾಗಿ ಹಾಕಿದಾಗಲೂ ಸೊರಗು ಕಡಿಮೆಯಾಗುವುದು ಕಂಡುಬಂದಿದೆ.

ಆದರೆ ಒಣ ಬೇರು ಕೊಳೆಯಿರುವ ಹೊಲದಲ್ಲಿ ಇದೇ ಜೋಳವನ್ನು ನಂಬಿದರೆ ಕೆಟ್ಟೆವು. ಮ್ಯಾಕ್ರೊಫೊಮಿನಾ ಸುಮಾರು 500 ಸಸ್ಯಜಾತಿಗಳ ಮೇಲೆ ಬದುಕಬಲ್ಲದು, ಜೋಳ ಮತ್ತು ಮೆಕ್ಕೆಜೋಳದ ಇದ್ದಿಲು ಕೊಳೆಗೂ ಅದೇ ಮೂಲ. ಅದನ್ನು ಹಸಿವಿನಿಂದ ಸಾಯಿಸುವುದು ಕಷ್ಟ, ಉಸಿರುಗಟ್ಟಿಸುವುದು ಸುಲಭ. ಅದರ ಸೂಕ್ಷ್ಮ ಗಡ್ಡೆಗಳು ಒಣ ಮಣ್ಣಿನಲ್ಲಿ ವರ್ಷಗಳ ಕಾಲ ಬದುಕಿದರೂ ನೀರು ನಿಂತ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ನಾಶವಾಗುತ್ತವೆಯಾದ್ದರಿಂದ, ನೀರಾವರಿ ಇರುವ ಕಡೆ ಒಂದು ಹಂಗಾಮು ಕೆಸರುಗದ್ದೆಯ ಭತ್ತ ಬೆಳೆಯುವುದು ಯಾವ ಔಷಧಕ್ಕೂ ಮಿಗಿಲಾದ ಉಪಾಯ.

ಅಫನೋಮೈಸಿಸ್ ಇರುವಲ್ಲಿ ಬಟಾಣಿ ಮತ್ತು ಮಸೂರವನ್ನು ಆರರಿಂದ ಎಂಟು ವರ್ಷ ಆ ಹೊಲದಿಂದ ದೂರವಿಡಬೇಕೆಂಬುದು ಈಗಿನ ಶಿಫಾರಸು. ದ್ವಿದಳ ಬೆಳೆ ಬೇಕೇಬೇಕೆಂದರೆ ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುವ ಕಡಲೆಯನ್ನೋ, ಸೋಯಾ ಅವರೆಯನ್ನೋ ಆರಿಸಬಹುದು. ಬದುವಿನಲ್ಲೂ ಹೊಲದ ನಡುವೆಯೂ ತಾನಾಗಿ ಹುಟ್ಟುವ ಹಿಂದಿನ ಬೆಳೆಯ ಗಿಡಗಳನ್ನು ಕೀಳದಿದ್ದರೆ ಈ ಎಂಟು ವರ್ಷಗಳ ಲೆಕ್ಕ ಕಾಗದದ ಮೇಲಷ್ಟೇ ಉಳಿಯುತ್ತದೆ.

ಉಳುಮೆ, ಬಿಸಿಲು, ನೀರು

ಬುಡ ಕೊಳೆಯ ಗುಂಡುಗಳಿಗೆ ಗಾಳಿ ಬೇಕು. ಅವು ಮೊಳೆತು ಗಿಡವನ್ನು ಮುಟ್ಟುವುದು ಮೇಲ್ಪದರದ ಕೆಲವೇ ಸೆಂಟಿಮೀಟರ್‌ಗಳಲ್ಲಿ. ಆದ್ದರಿಂದ ಮಣ್ಣನ್ನು ತಿರುವಿಹಾಕುವ ನೇಗಿಲಿನಿಂದ ಬೇಸಿಗೆಯಲ್ಲಿ 20 ಸೆಂಟಿಮೀಟರ್‌ಗಿಂತ ಆಳವಾಗಿ ಉತ್ತು ಅವನ್ನು ಹೂತುಬಿಡುವುದು ಪರಿಣಾಮಕಾರಿ. ಮರುವರ್ಷ ಅಷ್ಟೇ ಆಳ ಉತ್ತರೆ ಹೂತದ್ದೆಲ್ಲ ಮತ್ತೆ ಮೇಲೆ ಬರುತ್ತದೆ ಎಂಬುದು ಮರೆಯಬಾರದ ಮಾತು. ಆಮೇಲಿನ ಒಂದೆರಡು ವರ್ಷ ಮೇಲುಳುಮೆಯೇ ಸಾಕು. ಅರೆಕೊಳೆತ ಕೊಟ್ಟಿಗೆ ಗೊಬ್ಬರ, ಹಸಿ ಸೊಪ್ಪು, ಹಿಂದಿನ ಬೆಳೆಯ ಕೂಳೆ ಇವೆಲ್ಲ ಮೇಲ್ಪದರದಲ್ಲಿ ಉಳಿದರೆ ಈ ಶಿಲೀಂಧ್ರಕ್ಕೆ ಹಬ್ಬ. ಶೇಂಗಾಕ್ಕೆ ಎಡೆ ಹೊಡೆಯುವಾಗ ಗಿಡದ ಬುಡಕ್ಕೆ ಮಣ್ಣು ಏರದಂತೆ ನೋಡಿಕೊಳ್ಳಬೇಕೆಂಬ ಸಲಹೆಯ ಹಿಂದಿರುವುದೂ ಇದೇ ಕಾರಣ.

ಮಣ್ಣನ್ನು ಬಿಸಿಲಿನಿಂದ ಕಾಯಿಸಿ ರೋಗಾಣುಗಳನ್ನು ಕೊಲ್ಲುವ ವಿಧಾನವನ್ನು ಇಸ್ರೇಲಿನ ಯಾಕೊವ್ ಕಟಾನ್ ಮತ್ತವರ ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಉತ್ತು ಹದ ಮಾಡಿದ ನೆಲಕ್ಕೆ ಚೆನ್ನಾಗಿ ನೀರು ಹಾಯಿಸಿ, 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟುವಂತೆ ಹಾಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ಅತಿ ಬಿಸಿಲಿನ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆ ಇದಕ್ಕೆ ಒದಗುವುದಿಲ್ಲ, ಏಕೆಂದರೆ ಅದು ತಾನು ಕಾಯುತ್ತದೆಯೇ ಹೊರತು ಮಣ್ಣನ್ನು ಅಷ್ಟಾಗಿ ಕಾಯಿಸುವುದಿಲ್ಲ. ಒಣ ಮಣ್ಣಿನ ಮೇಲೆ ಹಾಸಿದರೂ ಶ್ರಮ ವ್ಯರ್ಥ. ತೇವ ಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯುತ್ತದೆ ಮತ್ತು ನೆನೆದು ಎಚ್ಚೆತ್ತ ರೋಗಾಣುವಿಗೆ ಅದು ಬೇಗ ತಾಗುತ್ತದೆ. ಇಡೀ ಹೊಲಕ್ಕೆ ಇದನ್ನು ಮಾಡುವುದು ದುಬಾರಿ. ಗುರುತಿಸಿಟ್ಟ ರೋಗದ ತಾಣಗಳಿಗೆ ಮತ್ತು ಬೀಜೋತ್ಪಾದನೆಯ ಮಡಿಗಳಿಗೆ ಮಾತ್ರ ಸೀಮಿತಗೊಳಿಸುವುದು ವಿವೇಕ.

ಹಸಿ ಕೊಳೆ, ಪಿಥಿಯಂ, ಅದರ ಹತ್ತಿರದ ಬಗೆಯ ಇನ್ನೊಂದು ರೋಗಾಣು ಫೈಟೊಫ್ತೊರಾ, ಅಫನೋಮೈಸಿಸ್ ಈ ನಾಲ್ಕಕ್ಕೂ ಒಂದೇ ಕೀಲಿಕೈ, ಬಸಿಗಾಲುವೆ. ಏರುಮಡಿಯ ಮೇಲೆ ಬಿತ್ತಿ, ಮಳೆನೀರು ಒಂದು ದಿನಕ್ಕಿಂತ ಹೆಚ್ಚು ನಿಲ್ಲದಂತೆ ಕಾಲುವೆಗಳನ್ನು ಬಿತ್ತನೆಗೆ ಮೊದಲೇ ತೆಗೆಯಬೇಕು. ಉಳುಮೆಯಿಂದ ಕೆಳಗೆ ಗಟ್ಟಿಪದರ ಕಟ್ಟಿದ್ದರೆ ಅದನ್ನು ಒಡೆಯದ ಹೊರತು ಕಾಲುವೆಯಿಂದ ಅರ್ಧ ಪ್ರಯೋಜನ. ಒಣ ಬೇರು ಕೊಳೆಗೆ ಉಪಾಯ ತಿರುವುಮುರುವು: ಹೂವಾಡುವ ಹೊತ್ತಿಗೆ ಒಂದು ತೆಳು ನೀರು ಕೊಟ್ಟರೆ ಗಿಡ ರೋಗವನ್ನು ಎದುರಿಸಿ ನಿಲ್ಲುತ್ತದೆ. ನೀರಿಲ್ಲದವರು ಬೇಗ ಕಟಾವಿಗೆ ಬರುವ ತಳಿಯನ್ನು ಆರಿಸಿ, ಕಾಯಿ ಕಟ್ಟುವ ಹಂತ ಬಿರುಬೇಸಿಗೆಗೆ ಸಿಗದಂತೆ ಬಿತ್ತನೆಯ ದಿನವನ್ನು ಹೊಂದಿಸಬೇಕು. ಆದರೆ ಮಣ್ಣು ಇನ್ನೂ ಬಿಸಿಯಿರುವಾಗಲೇ ತೀರ ಮುಂಚಿತವಾಗಿ ಕಡಲೆ ಬಿತ್ತಿದರೆ ಬುಡ ಕೊಳೆ ಮತ್ತು ಸೊರಗು ಹೆಚ್ಚುತ್ತವೆ. ಈ ಇಕ್ಕಟ್ಟಿನಲ್ಲಿ ತೂಕ ಯಾವ ಕಡೆಗೆ ಎಂಬುದನ್ನು ಹೋದ ವರ್ಷ ಅಗೆದ ಬೇರುಗಳೇ ನಿರ್ಧರಿಸಬೇಕು.

ತಳಿ ಮತ್ತು ಬೀಜೋಪಚಾರ

ಸೊರಗು ರೋಗಕ್ಕೆ ನಿರೋಧಕ ತಳಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಕಡಲೆಯ ಸೊರಗು ಶಿಲೀಂಧ್ರದಲ್ಲಿ ಎಂಟು ಒಳಬಗೆಗಳನ್ನು (ರೇಸ್) ಗುರುತಿಸಲಾಗಿರುವುದರಿಂದ, ಒಂದು ಸೀಮೆಯಲ್ಲಿ ಗೆದ್ದ ತಳಿ ಇನ್ನೊಂದು ಸೀಮೆಯಲ್ಲಿ ಸೋಲಬಹುದು. ಸ್ಥಳೀಯ ಶಿಫಾರಸನ್ನು ಕೇಳಿಯೇ ಆರಿಸಬೇಕು. ಒಣ ಬೇರು ಕೊಳೆ ಮತ್ತು ಬುಡ ಕೊಳೆಗೆ ಇಷ್ಟು ಗಟ್ಟಿಯಾದ ನಿರೋಧಕತೆ ಬೆಳೆಯುವ ತಳಿಗಳಲ್ಲಿಲ್ಲ. ಚೀಲದ ಮೇಲೆ ‘ರೋಗ ನಿರೋಧಕ’ ಎಂದು ಬರೆದಿದ್ದರೆ ಯಾವ ರೋಗಕ್ಕೆ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಬೀಜೋಪಚಾರಕ್ಕೆ ಎರಡು ದಾರಿಗಳಿವೆ, ಜೈವಿಕ ಮತ್ತು ರಾಸಾಯನಿಕ. ಎರಡನ್ನೂ ಒಂದೇ ಬೀಜದ ಮೇಲೆ ಹೇರುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಲೇಪಿಸಿದ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿದರೆ, ರೋಗಾಣುಗಳನ್ನು ಹತ್ತಿಕ್ಕುವ ಈ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಆದ್ದರಿಂದ, ಅದು ಅಲ್ಲೇ ಸಾಯುತ್ತದೆ. ಜೈವಿಕ ದಾರಿ ಹಿಡಿದವರು ಕಿಲೋ ಬೀಜಕ್ಕೆ 4ರಿಂದ 10 ಗ್ರಾಂ ಟ್ರೈಕೋಡರ್ಮಾ ಪುಡಿಯನ್ನು ಅಂಟು ದ್ರಾವಣದ ಜೊತೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ರಾಸಾಯನಿಕವನ್ನು ಆರಿಸಿದವರು ಟ್ರೈಕೋಡರ್ಮಾವನ್ನು ಬೀಜಕ್ಕೆ ಹಚ್ಚದೆ ಮಣ್ಣಿಗೆ ಸೇರಿಸಬಹುದು: 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋ ಪುಡಿಯನ್ನು ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿ ಮುಚ್ಚಿ, ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿಹಾಕುತ್ತ 10ರಿಂದ 15 ದಿನ ಇಟ್ಟರೆ ಹಸಿರು ಬೂಜು ಹಬ್ಬುತ್ತದೆ. ಇದನ್ನು ಮಣ್ಣಿನಲ್ಲಿ ತೇವವಿರುವಾಗ ಸಾಲಿಗೆ ಕೊಡಬೇಕು; ಕಾದ ಒಣ ಮಣ್ಣಿಗೆ ಎರಚಿದ ಟ್ರೈಕೋಡರ್ಮಾ ಬದುಕುವುದಿಲ್ಲ. ಅವಧಿ ಮುಗಿದ ಪೊಟ್ಟಣ ಅಗ್ಗವಾಗಿ ಸಿಕ್ಕರೂ ಬೇಡ.

ರೈಜೋಬಿಯಂ ಲೇಪನ ಕೊನೆಯದು. ಶಿಲೀಂಧ್ರನಾಶಕವನ್ನು ಮೊದಲು ಲೇಪಿಸಿ ಒಣಗಿಸಿ, ಬಿತ್ತುವ ಹೊತ್ತಿಗೆ ರೈಜೋಬಿಯಂ ಹಚ್ಚಿ, ಬಿಸಿಲಿಗೆ ಇಡದೆ ಕೂಡಲೇ ಬಿತ್ತಬೇಕು. ತಾಮ್ರ ಮೂಲದ ಔಷಧಗಳು ರೈಜೋಬಿಯಂಗೆ ಮಾರಕವಾದ್ದರಿಂದ ಬೀಜಕ್ಕೆ ಅವನ್ನು ಬಳಸಬಾರದು.

ಔಷಧದ ಆಯ್ಕೆಯಲ್ಲಿ ಹಣ ಪೋಲಾಗುವುದು ಹೆಚ್ಚಾಗಿ ಇಲ್ಲಿ: ಪಿಥಿಯಂ, ಫೈಟೊಫ್ತೊರಾ, ಅಫನೋಮೈಸಿಸ್‌ಗಳು ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರಗಳಲ್ಲ. ಅವುಗಳ ಮೇಲೆ ಕಾರ್ಬೆಂಡಜಿಮ್ ಕೆಲಸ ಮಾಡುವುದಿಲ್ಲ. ಮೊದಲೆರಡಕ್ಕೆ ಮೆಟಲಾಕ್ಸಿಲ್ ಗುಂಪಿನ ಔಷಧ ಬೇಕು. ಅಫನೋಮೈಸಿಸ್ ಅದಕ್ಕೂ ಜಗ್ಗುವುದಿಲ್ಲ. ಯಾವ ಔಷಧವಾದರೂ ನಿಮ್ಮ ದೇಶದಲ್ಲಿ ಆ ಬೆಳೆಗೆ ನೋಂದಣಿಯಾಗಿದೆಯೇ ಎಂದು ಡಬ್ಬಿಯ ಮೇಲೆ ನೋಡಿ, ಅಲ್ಲಿ ಬರೆದ ಪ್ರಮಾಣವನ್ನೇ ಬಳಸಬೇಕು. ಕಾರ್ಬೆಂಡಜಿಮ್ ಬಳಕೆಗೆ ಐರೋಪ್ಯ ಒಕ್ಕೂಟದಲ್ಲಿ ಈಗ ಅನುಮತಿಯಿಲ್ಲ. ಲೇಪಿಸಿ ಉಳಿದ ಬೀಜವನ್ನು ಮನುಷ್ಯರಾಗಲಿ ದನಕರುಗಳಾಗಲಿ ತಿನ್ನುವಂತಿಲ್ಲ.

ಬೆಳೆ ನಿಂತಿರುವಾಗ

ಕೊಳೆತ ಬೇರನ್ನು ಮತ್ತೆ ಚಿಗುರಿಸುವ ಔಷಧವಿಲ್ಲ. ಎಲೆಯ ಮೇಲೆ ಸಿಂಪಡಿಸಿದ ಬಹುತೇಕ ಶಿಲೀಂಧ್ರನಾಶಕಗಳು ಬೇರಿನ ಕಡೆಗೆ ಇಳಿಯುವುದೂ ಇಲ್ಲ. ರೋಗದ ತಾಣದ ಅಂಚಿನ, ಇನ್ನೂ ಹಸಿರಾಗಿರುವ ಗಿಡಗಳ ಬುಡಕ್ಕೆ ಔಷಧದ ದ್ರಾವಣವನ್ನು ಸುರಿದರೆ ಹರಡುವಿಕೆ ನಿಧಾನವಾಗಬಹುದು. ಬುಡ ಕೊಳೆಯಲ್ಲಿ ಇದರಿಂದ ಸ್ವಲ್ಪ ಪ್ರಯೋಜನ ಸಿಗುತ್ತದೆ, ಸೊರಗು ರೋಗದಲ್ಲಿ ಅಷ್ಟಾಗಿ ಇಲ್ಲ. ಸತ್ತ ಗಿಡಗಳನ್ನು ಬೇರು ಮತ್ತು ಸುತ್ತಲಿನ ಒಂದಿಷ್ಟು ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಹೊರಗೆ ಒಯ್ದು ಸುಡಬೇಕು. ತಿಪ್ಪೆಗೆ ಎಸೆದರೆ ಅದೇ ರೋಗ ಮುಂದಿನ ವರ್ಷ ಗೊಬ್ಬರದ ಹೆಸರಿನಲ್ಲಿ ಇಡೀ ಹೊಲಕ್ಕೆ ಹಂಚಿಕೆಯಾಗುತ್ತದೆ.

ರೋಗದ ತಾಣಗಳಿಗೆ ಗೂಟ ನೆಟ್ಟು, ಒಂದು ಕಾಗದದಲ್ಲಿ ಹೊಲದ ನಕ್ಷೆ ಬರೆದು, ಪ್ರತಿ ತಾಣದಲ್ಲಿ ಅಗೆದಾಗ ಕಂಡ ಬೇರಿನ ಬಣ್ಣ, ದಿನಾಂಕ ಮತ್ತು ಬೆಳೆಯ ಹಂತವನ್ನು ಗುರುತು ಹಾಕಿಕೊಳ್ಳಿ. ಕಟಾವಿನಲ್ಲಿ ಆರೋಗ್ಯವಂತ ಭಾಗವನ್ನು ಮೊದಲು ಮುಗಿಸಿ, ರೋಗದ ಭಾಗಕ್ಕೆ ಕೊನೆಯಲ್ಲಿ ಇಳಿಯಬೇಕು. ಅಲ್ಲಿಂದ ಹೊರಬಂದ ಕುಡುಗೋಲು, ನೇಗಿಲು, ಟ್ರ್ಯಾಕ್ಟರ್ ಗಾಲಿ ಮತ್ತು ಚಪ್ಪಲಿಗಳಿಗೆ ಮೆತ್ತಿದ ಮಣ್ಣನ್ನು ಆ ಹೊಲದ ಅಂಚಿನಲ್ಲೇ ಕೆರೆದು ತೊಳೆಯಬೇಕು. ಆ ತಾಣಗಳ ಕಾಳನ್ನು ಬಿತ್ತನೆ ಬೀಜಕ್ಕೆ ಎತ್ತಿಡಬಾರದು. ಮುಂದಿನ ಕುಂಡ ಪರೀಕ್ಷೆಗೆ ಮಣ್ಣು ತೆಗೆಯಬೇಕಾದ್ದು ಈ ಗೂಟಗಳ ಬುಡದಿಂದಲೇ ಆದ್ದರಿಂದ, ಕಟಾವಾದ ಮೇಲೂ ಅವನ್ನು ಕೀಳಬೇಡಿ.